ಎರಡು ಅಂಕದ ಹೈಡ್ರೋಜನ್

ಆ ಉತ್ತರಕ್ಕೆ ಕೆಂಪು ಪೆನ್ನಿನಲ್ಲಿ ಇಂಟು ಹಾಕಿದವಳು ನಾನೇ. ಮುಂದೆ ಬೇರೆಯವರ ಮೇಲೆ ಸಾಕಷ್ಟು ಹರಿಹಾಯಲಿದ್ದೇನೆ, ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಆಂಟಾಪ್ ಹಿಲ್‌ನ ಒಂದು ಹಳೇ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿ ನಮ್ಮ ಕ್ಲಾಸು. ಒಂದು ಸಣ್ಣ ಟ್ರಸ್ಟು ನಡೆಸುತ್ತದೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಮುಗಿಸಿದ ಮಕ್ಕಳನ್ನು ಹನ್ನೊಂದು, ಹನ್ನೆರಡನೇ ಸೈನ್ಸ್ ದಾಟಿಸುವುದು ಅದರ ಕೆಲಸ. ಸೀಟು ಇಪ್ಪತ್ತು, ಈ ವರ್ಷ ಪ್ರವೇಶ ಪರೀಕ್ಷೆ ಬರೆದವರು ಅರವತ್ತೊಂದು. ಶನಿವಾರ, ಭಾನುವಾರ ನಾನು ಅಲ್ಲಿ ಕೆಮಿಸ್ಟ್ರಿ ಹೇಳುತ್ತೇನೆ. ಆ ಅರವತ್ತೊಂದು ಪೇಪರುಗಳಲ್ಲಿ ಅರ್ಧದಷ್ಟನ್ನು ಗೋರೆಗಾಂವ್‌ನಿಂದ ವಡಾಲಾಕ್ಕೆ ಬರುವ ಲೋಕಲ್‌ನಲ್ಲಿ ಕೂತು ತಿದ್ದಿದ್ದೆ, ಒಂದು ಮೊಣಕಾಲ ಮೇಲೆ ಪೇಪರು, ಇನ್ನೊಂದರ ಮೇಲೆ ಉತ್ತರ ಸೂಚಿ. ಸೂಚಿಗೆ ಹೊಂದಿದರೆ ರೈಟು, ಹೊಂದದಿದ್ದರೆ ಇಂಟು. ಅಂಧೇರಿ ಬರುವಷ್ಟರಲ್ಲಿ ಕೈ ತಾನೇ ಓಡುತ್ತಿತ್ತು. ತಲೆ ಓಡುತ್ತಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಫಲಿತಾಂಶ ಅಂಟಿಸಿದ ಮೇಲೆ ಮಕ್ಕಳು ಬಂದು ತಮ್ಮ ಪೇಪರು ನೋಡಬಹುದು ಅಂತ ಒಂದು ಶನಿವಾರ ಇಟ್ಟಿದ್ದೆವು. ಇಪ್ಪತ್ತೊಂದನೇ ಸ್ಥಾನದ ಹುಡುಗಿ ತನ್ನ ಅಪ್ಪನ ಜೊತೆ ಬಂದಳು. ಕಲಬುರಗಿ ಕಡೆಯವರು. ಅಪ್ಪ ಬಡಗಿ, ಸಾಂತಾಕ್ರೂಜ್‌ನ ಸೊಸೈಟಿಗಳಲ್ಲಿ ಕಪಾಟು ಕೂರಿಸುತ್ತಾರೆ; ಕೆಲಸದಿಂದ ನೇರ ಬಂದಿದ್ದರು, ಹೆಗಲಲ್ಲಿ ಹತ್ಯಾರದ ಚೀಲ. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಇಪ್ಪತ್ತನೆಯವನಿಗೆ ಎಪ್ಪತ್ತೊಂದು ಅಂಕ, ಇವಳಿಗೆ ಎಪ್ಪತ್ತು.

"ಮೇಡಂ, ಇದರಾಗ ಏನ್ ತಪ್ಪೈತಿ ಅಷ್ಟ ಹೇಳ್ರಿ," ಅಂದಳು. "ಸೀಟ್ ಸಿಗದಿದ್ರ ಸೋಮವಾರ ಆರ್ಟ್ಸ್ ಫಾರ್ಮ್ ತುಂಬೂದು ಅಂತ ಮನ್ಯಾಗ ಠರಾವ್ ಆಗೇತಿ. ತುಂಬತೀನಿ. ಆದ್ರ ಯಾವುದು ತಪ್ಪು ಅಂತ ಗೊತ್ತಾಗಿ ತುಂಬತೀನಿ."

ಪ್ರಶ್ನೆ ಹೀಗಿತ್ತು: ಹೈಡ್ರೋಜನ್ ಅಣುವಿನ ಎರಡು ಪರಮಾಣುಗಳನ್ನು ಬೇರ್ಪಡಿಸಿದಾಗ ಶಕ್ತಿ ಹೊರಬರುತ್ತದೆಯೋ, ಬೇಕಾಗುತ್ತದೆಯೋ? ಕಾರಣ ಕೊಡಿ. ಎರಡು ಅಂಕ. ಸೂಚಿಯ ಉತ್ತರ: ಹೊರಬರುತ್ತದೆ, ಬಂಧದೊಳಗೆ ಅಡಗಿದ ಶಕ್ತಿ ಬಂಧ ಮುರಿದಾಗ ಬಿಡುಗಡೆಯಾಗುತ್ತದೆ. ಹುಡುಗಿ ಬರೆದದ್ದು: "ಬೇಕಾಗುತ್ತದೆ. ಎರಡೂ ನ್ಯೂಕ್ಲಿಯಸ್ಸುಗಳು ನಡುವಿನ ಎಲೆಕ್ಟ್ರಾನುಗಳನ್ನು ಎಳೆದುಕೊಂಡಿವೆ. ಬಿಡಿಸಬೇಕೆಂದರೆ ಆ ಎಳೆತಕ್ಕೆ ಎದುರಾಗಿ ಎಳೆಯಬೇಕು. ಕೂಡುವಾಗ ಮಾತ್ರ ಶಕ್ತಿ ಹೊರಬರುತ್ತದೆ."

ನಾನು ಬಾಯಿ ತೆರೆದೆ. "ನೋಡು, ಇಲ್ಲಿ ಏನಾಗಿದೆ ಅಂದರೆ..." ಅಷ್ಟೇ. ಅವಳು ಬರೆದದ್ದು ಸರಿ. ಬಿ.ಎಸ್ಸಿ. ಮೊದಲ ವರ್ಷದಲ್ಲೇ ನನಗೆ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಇಂಟು ಹಾಕಿದ್ದೆ.

"ಹತ್ತು ನಿಮಿಷ ಕೂತಿರು," ಅಂದು ಸರ್ ಕೋಣೆಗೆ ಹೋದೆ.

ಸರ್ ಅಂದರೆ ಈ ಕ್ಲಾಸನ್ನು ಮೊದಲಿನಿಂದ ಹೊತ್ತು ನಡೆಸಿದವರು. ವಿಜಯಪುರದವರು, ಮಾತು ಕಡಿಮೆ, ಚಹಾ ಜಾಸ್ತಿ. ಮುಂಬೈಯ ಯಾವ ಅಂಗಡಿಯಲ್ಲೂ ಕನ್ನಡದಲ್ಲಿ ಸೈನ್ಸ್ ಗೈಡ್ ಸಿಗದಿದ್ದಾಗ ತಾವೇ ಕೂತು ನೋಟ್ಸ್ ಬರೆದವರು. ಪ್ರತಿ ವರ್ಷ ಅದನ್ನೇ ಝೆರಾಕ್ಸ್ ಮಾಡಿ, ಸ್ಪೈರಲ್ ಹಾಕಿಸಿ, ಪರೀಕ್ಷೆಗೆ ಮುಂಚಿನ ಮೂರು ವಾರದ ತಯಾರಿ ಕ್ಲಾಸಿನಲ್ಲಿ ಹಂಚುತ್ತಾರೆ. ಸೂಚಿಯ ಆ ಸಾಲು ನೋಟ್ಸಿನ ಒಂಬತ್ತನೇ ಪುಟದ್ದು.

"ಸರ್, ಒಂಬತ್ತನೇ ಪುಟ ತಪ್ಪಿದೆ."

ಚಹಾ ಕೆಳಗಿಟ್ಟರು. "ಪೆಟ್ರೋಲ್ ಸುಟ್ರ ಬಿಸಿ ಬರತೈತೋ ಇಲ್ಲೋ ಮೇಡಂ?"

"ಬರುತ್ತೆ."

"ಅನ್ನ ಉಂಡ್ರ ಮೈಯಾಗ ಶಕ್ತಿ?"

"ಬರುತ್ತೆ, ಆದರೆ..."

"ಎಲ್ಲಿಂದ ಬಂತದು? ದೊಡ್ಡ ಅಣು ಒಡದು ಸಣ್ಣದಾತು. ಬಂಧ ಮುರೀತು, ಒಳಗಿಂದು ಹೊರಗ ಬಂತು. ಬಯಾಲಜಿಯವರೂ ಹಂಗ ಹೇಳತಾರ. ನಾ ಒಬ್ಬಂವ ಹೇಳಿಲ್ಲ."

ಇದು ದಡ್ಡ ವಾದವಲ್ಲ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಕೆಡವಬೇಕು ಅಂತ ಕಾಲೇಜಿನ ಡಿಬೇಟ್ ತಂಡದಲ್ಲಿ ಕಲಿತಿದ್ದೆ, ಹಾಗೇ ಮಾಡಿದೆ. ಸುಡುವುದೆಂದರೆ ಬರೀ ಮುರಿಯುವುದಲ್ಲ. ಮೊದಲು ಪೆಟ್ರೋಲಿನ ಬಂಧವನ್ನೂ ಆಕ್ಸಿಜನ್ನಿನ ಬಂಧವನ್ನೂ ಮುರಿಯಬೇಕು, ಅದಕ್ಕೆ ಶಕ್ತಿ ಖರ್ಚು. ಆಮೇಲೆ ಕಾರ್ಬನ್ನೂ ಹೈಡ್ರೋಜನ್ನೂ ಆಕ್ಸಿಜನ್ ಜೊತೆ ಹೊಸದಾಗಿ, ಇನ್ನೂ ಗಟ್ಟಿಯಾಗಿ ಕೂಡುತ್ತವೆ. ಹಾಗೆ ಕೂಡುವಾಗ ಬರುವ ಶಕ್ತಿ ಮುರಿಯುವಾಗ ಹೋದದ್ದಕ್ಕಿಂತ ಹೆಚ್ಚು. ನಮಗೆ ತಟ್ಟುವ ಬಿಸಿ ಆ ವ್ಯತ್ಯಾಸ. ಎಲ್ಲೂ ತಡವರಿಸದೆ ಹೇಳಿದೆ, ಬೆರಳು ಮಡಿಸಿ ಮೂರು ಅಂಶ ಎಣಿಸಿದೆ.

ಸರ್ ಪೂರಾ ಕೇಳಿದರು. "ನೀವು ಛಲೋ ಮಾತಾಡತೀರಿ. ನಾಳೆ ಇದರ ಉಲ್ಟಾ ಮಾತಾಡ್ರಿ ಅಂದ್ರೂ ಇಷ್ಟ ಛಲೋ ಮಾತಾಡತೀರಿ. ಹೌದಿಲ್ಲೋ?"

ಹೌದು. ಅದಕ್ಕೇ ನನಗೆ ಟ್ರೋಫಿ ಕೊಡುತ್ತಿದ್ದರು. ಎರಡೂ ಕಡೆ ವಾದಿಸಬಲ್ಲವಳ ಮಾತನ್ನು ಯಾರಾದರೂ ಏಕೆ ನಂಬಬೇಕು?

"ಲಿಸ್ಟ್ ಹಚ್ಚೇವಿ. ಎಲ್ಲಾರ ಮನ್ಯಾಗೂ ಗೊತ್ತಾಗೇತಿ. ಸೂಚಿ ತಪ್ಪು ಅಂದ್ರ ನಾಳೆ ಅರವತ್ತೊಂದು ಮಂದಿ ಬಂದು ಒಂದೊಂದ ಪ್ರಶ್ನಿ ಕೆದಕತಾರ," ಅಂದರು. ಮತ್ತೆ ಚಹಾ ಎತ್ತಿಕೊಂಡು, "ಮುಂದಿನ ಶನಿವಾರ ಬಾಯಿ ಬರತಾರ. ಅವರ ಮುಂದ ತೋರಸ್ರಿ. ಬಾಯಿಮಾತಿಲೆ ಅಲ್ಲ, ಕಣ್ಣಿಗೆ ಕಾಣೂಹಂಗ. ಕಂಡ್ರ ನೋಡೂಣು."

ಬಾಯಿ ಅಂತ ನಾವು ಕರೆಯುವುದು ಟ್ರಸ್ಟಿನ ಹಿರಿಯ ಮಹಿಳೆಯನ್ನು, ರಿಟೈರ್ಡ್ ನರ್ಸ್. ಕೊನೆಯ ಮಾತು ಅವರದ್ದೇ. ಹುಡುಗಿಗೆ ಇಷ್ಟೇ ಹೇಳಿದೆ: "ಈ ಸೋಮವಾರ ಫಾರ್ಮ್ ತುಂಬಬೇಡ. ಒಂದು ವಾರ ಕೊಡು." ಅವಳ ಅಪ್ಪ ನನ್ನನ್ನೇ ನೋಡಿದರು. "ಮೇಡಂ, ಫಾರ್ಮಿನ ಆಖರಿ ತಾರೀಖು ಅದರ ಮುಂದಿನ ಸೋಮವಾರ. ಅದು ದಾಟಿದ್ರ ಆರ್ಟ್ಸೂ ಇಲ್ಲ." ಗೊತ್ತು ಅಂದೆ.

ನೀರನ್ನು ಒಡೆದು ತೋರಿಸುವುದು ನನ್ನ ಯೋಜನೆ. ವಿದ್ಯುತ್ ಹಾಯಿಸಿದರೆ ನೀರು ಹೈಡ್ರೋಜನ್ನು, ಆಕ್ಸಿಜನ್ನಾಗಿ ಬೇರೆಯಾಗುತ್ತದೆ. ಬೇರ್ಪಡಿಸಲು ಶಕ್ತಿ ಬೇಕು. ಎರಡನ್ನೂ ಕೂಡಿಸಿದರೆ ಢಬ್ ಅನ್ನುತ್ತದೆ. ಕೂಡುವಾಗ ಶಕ್ತಿ ಬರುತ್ತದೆ. ಪುಸ್ತಕದಲ್ಲಿ ಅರ್ಧ ಪುಟದ ಪ್ರಯೋಗ, ಗೋರೆಗಾಂವ್‌ನ ನಮ್ಮ ಅಡುಗೆಮನೆಯಲ್ಲಿ ಐದು ದಿನದ ರಗಳೆ.

ಶ್ರೀಖಂಡದ ಖಾಲಿ ಡಬ್ಬಿಯ ತಳಕ್ಕೆ ಎರಡು ತೂತು ಮಾಡಿ, ಎರಡೂ ತುದಿ ಚೂಪು ಮಾಡಿದ ಮೋಟು ಪೆನ್ಸಿಲುಗಳನ್ನು ತೂರಿಸಿ, ಪ್ಲಂಬರ್ ಹಚ್ಚುವ ಮುದ್ದೆಯಿಂದ ಮೆತ್ತಿದೆ. ಮೊದಲ ದಿನ ಸೋರಿತು. ಎರಡನೇ ದಿನ ಸೋರಲಿಲ್ಲ, ಆದರೆ ಬರೀ ನೀರಿನಲ್ಲಿ ಕರೆಂಟು ಹರಿಯಲೊಲ್ಲದು, ಒಂದೂ ಗುಳ್ಳೆ ಇಲ್ಲ. ಉಪ್ಪು ಹಾಕಿದೆ. ಗುಳ್ಳೆ ಎದ್ದವು, ಜೊತೆಗೆ ಮೂಗಿಗೆ ಹೊಡೆಯುವ ವಾಸನೆ.

ಅಮ್ಮ ಬಾಗಿಲಲ್ಲಿ ನಿಂತು ಸೆರಗು ಮೂಗಿಗೆ ಒತ್ತಿಕೊಂಡಳು. ಉಡುಪಿ ಬಿಟ್ಟು ಇಷ್ಟು ವರ್ಷವಾದರೂ ಅವಳ ಬೈಗುಳ ಅಲ್ಲಿಯದೇ. "ಎಂತ ಮಾರಾಯ್ತಿ ಇದು? ಸ್ವಿಮ್ಮಿಂಗ್ ಪೂಲಿನ ನಾತ! ಮನೆಯವರನ್ನು ಕೊಂದು ಮತ್ತೆ ಯಾರಿಗೆ ಪಾಠ ಮಾಡ್ಲಿಕ್ಕುಂಟು ನಿಂಗೆ?"

ಅದು ಕ್ಲೋರಿನ್. ಉಪ್ಪಿನೊಳಗಿನದ್ದು, ನೀರಿನದ್ದಲ್ಲ. ಕಿಟಕಿ ತೆಗೆದು, ಎಲ್ಲ ಚೆಲ್ಲಿ, ಉಪ್ಪಿನ ಬದಲು ವಾಷಿಂಗ್ ಸೋಡಾ ಹಾಕಿದೆ. ವಾಸನೆ ಹೋಯಿತು. ಆಟಿಕೆಯ ಚೌಕ ಬ್ಯಾಟರಿ ಸ್ವಲ್ಪ ಹೊತ್ತಿನಲ್ಲೇ ಸುಸ್ತಾಯಿತು. ಹಾಳಾದ ವೈ-ಫೈ ರೌಟರಿನ ಅಡಾಪ್ಟರ್ ವೈರು ಕತ್ತರಿಸಿ ಹಚ್ಚಿದೆ. ಗ್ಯಾಸ್ ಹಿಡಿಯಲು ಸಣ್ಣ ಗಾಜಿನ ಶೀಷೆ ಬೇಕಿತ್ತು. ಅಮ್ಮನ ಹೋಮಿಯೋಪತಿ ಗುಳಿಗೆಯ ಎರಡು ಶೀಷೆ ಖಾಲಿ ಮಾಡಿ ತಗೊಂಡೆ. ಅವುಗಳಿಂದ ಯಾರಿಗಾದರೂ ಉಪಯೋಗವಾದದ್ದು ಅದೇ ಮೊದಲು. ನೀರು ತುಂಬಿ, ಪೆನ್ಸಿಲ್ ತುದಿಗಳ ಮೇಲೆ ಬೋರಲು ಹಾಕಿ ಕಾದೆ. ಒಂದು ಶೀಷೆ ಪೂರಾ ತುಂಬುವಾಗ ಇನ್ನೊಂದು ಅರ್ಧ. ಒಂದು ಆಕ್ಸಿಜನ್ನಿಗೆ ಎರಡು ಹೈಡ್ರೋಜನ್ನು, ಪುಸ್ತಕದಲ್ಲಿದ್ದ ಹಾಗೆ. ಗುರುವಾರ ಸಂಜೆ ತುಂಬಿದ ಶೀಷೆಯ ಬಾಯಿಗೆ ಕಡ್ಡಿ ಗೀರಿ ಹಿಡಿದೆ. ಢಬ್! ಅಮ್ಮ ಕೈಯಲ್ಲಿದ್ದ ಲಟ್ಟಣಿಗೆ ಕೆಳಗೆ ಹಾಕಿದಳು. ನಾನು ಗೆದ್ದೆ ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮೇಜಿನ ಸುತ್ತ ಐದು ಜನ. ಬಾಯಿ, ಸರ್, ಹುಡುಗಿ, ಅವಳ ಅಪ್ಪ, ನಾನು. ಅಡಾಪ್ಟರ್ ಹಚ್ಚಿದೆ. ಇಪ್ಪತ್ತು ನಿಮಿಷ ಎಲ್ಲರೂ ಗುಳ್ಳೆ ನೋಡುತ್ತ ಕೂತರು. "ಸಲಾಯಿನ್ ಬಾಟ್ಲಿ ನೋಡಿಧಂಗ ಆತು," ಅಂದರು ಬಾಯಿ. ಆಮೇಲೆ ಶೀಷೆ ಎತ್ತಿ ಕಡ್ಡಿ ಹಿಡಿದೆ. ಢಬ್ ಅಂದಿತು. ಬಾಯಿ ಚಪ್ಪಾಳೆ ತಟ್ಟಿದರು. ಶೀಷೆಯ ಒಳಗೋಡೆಗೆ ಸಣ್ಣ ಹಬೆ ಕೂತಿತ್ತು.

"ಮತ್ತೆ ನೀರು. ಒಡೆಯೋಕೆ ಇಪ್ಪತ್ತು ನಿಮಿಷ ಕರೆಂಟು ತಿಂತು, ಕೂಡುವಾಗ ವಾಪಸ್ ಕೊಡ್ತು," ಅಂದೆ.

ಸರ್ ತಲೆ ಆಡಿಸಿದರು. "ಛಂದ ಆತು. ಒಂದ ಪ್ರಶ್ನಿ. ಕಡ್ಡಿ ಯಾಕ ಗೀರಿದ್ರಿ?"

"ಶುರು ಮಾಡೋಕೆ."

"ಅಂದ್ರ ಕಡ್ಡಿ ಬೆಂಕಿ ಹೈಡ್ರೋಜನ್ನಿಂದೂ ಆಕ್ಸಿಜನ್ನಿಂದೂ ಬಂಧ ಮುರೀತು. ಮುರದಮ್ಯಾಲೆ ಢಬ್ ಅಂತು. ಆಮ್ಯಾಲೆ ಕೂಡಿ ನೀರಾತು. ಆ ಢಬ್ ಮುರದಿದ್ದಕ್ಕ ಬಂತೋ ಕೂಡಿದ್ದಕ್ಕ ಬಂತೋ? ನಿಮ್ಮ ಶೀಷೆ ಹೇಳತೈತೇನು?"

ಡಿಬೇಟಿನಲ್ಲಿ ಇಂಥ ಕಡೆ ನಗಬೇಕು, ದನಿ ಏರಿಸಬೇಕು, ಮುಂದಿನ ಅಂಶಕ್ಕೆ ಜಿಗಿಯಬೇಕು. ನನಗೆ ಎಲ್ಲ ಬರುತ್ತದೆ. ಆದರೆ ಆ ಪ್ರಶ್ನೆ ಸರಿಯಾಗಿತ್ತು. ನನ್ನ ಶೀಷೆ ಒಟ್ಟು ಜಮಾ ಖರ್ಚನ್ನು ಮಾತ್ರ ತೋರಿಸುತ್ತಿತ್ತು. ಯಾವ ಹೆಜ್ಜೆಯಲ್ಲಿ ಏನು ಬಂತು, ಏನು ಹೋಯಿತು ಅಂತ ತೋರಿಸುತ್ತಿರಲಿಲ್ಲ.

"ಹೇಳೋದಿಲ್ಲ ಸರ್," ಅಂದೆ.

ಬಡಗಿ ಚೀಲ ಹೆಗಲಿಗೆ ಏರಿಸಿಕೊಂಡರು. ಐದು ದಿನದ ದುಡಿಮೆ, ಎರಡು ಶಬ್ದದಲ್ಲಿ ಮುಗಿಯಿತು.

"ಅಬ್ಬಾ, ಮ್ಯಾಗ್ನೆಟ್ ಐತೇನು?" ಹುಡುಗಿ ಕೇಳಿದಳು.

ಕಪಾಟಿನ ಬಾಗಿಲು ತಾನೇ ಮುಚ್ಚಿಕೊಳ್ಳಲಿ ಅಂತ ಒಳಗೆ ಕೂರಿಸುತ್ತಾರಲ್ಲ, ಆ ಮ್ಯಾಗ್ನೆಟ್ಟು, ಅದರ ಕಬ್ಬಿಣದ ಪಟ್ಟಿ. ಅಪ್ಪ ಚೀಲದಿಂದ ತೆಗೆದು ಕೊಟ್ಟರು. ಅವಳು ಪಟ್ಟಿಯನ್ನು ಮೇಜಿನ ಮೇಲೆ ಒತ್ತಿ ಹಿಡಿದು ಮ್ಯಾಗ್ನೆಟ್ಟನ್ನು ಹತ್ತಿರ ತಂದು ಬಿಟ್ಟಳು. ಟಕ್.

"ಸಪ್ಪಳ ಕೂಡುವಾಗ ಬಂತು ಸರ್. ಈಗ ನೀವ ಬಿಡಸ್ರಿ."

ಸರ್ ಉಗುರು ತೂರಿಸಿ, ಹಲ್ಲು ಕಚ್ಚಿ ಕಿತ್ತರು. ಸಪ್ಪಳ ಬರಲಿಲ್ಲ.

"ಸಣ್ಣಾಕಿ ಇದ್ದಾಗಿಂದ ಇದ ನನ್ನ ಆಟಿಕಿ. ಪೇಪರ್ ಬರೀವಾಗ ಇದ ನೆನಪಾತು," ಅಂದಳು.

"ಮ್ಯಾಗ್ನೆಟ್ ಬ್ಯಾರೆ, ಪರಮಾಣು ಬ್ಯಾರೆ ಅವ್ವಿ," ಅಂದರು ಸರ್.

"ಬ್ಯಾರೆ ಖರೆ. ಆದ್ರ ನ್ಯೂಕ್ಲಿಯಸ್ ಪ್ಲಸ್, ಎಲೆಕ್ಟ್ರಾನ್ ಮೈನಸ್, ಒಂದಕ್ಕೊಂದು ಎಳೀತಾವು ಅಂತ ನೀವ ಬರದೀರಿ. ನೋಟ್ಸ್ ಎರಡನೇ ಪಾನಾ. ಎಳಕೊಂಡಿದ್ದನ್ನ ಬಿಡಸಬೇಕಂದ್ರ ಜೋರ್ ಹಚ್ಚಬೇಕಲ್ಲ? ಎರಡನೇ ಪಾನಾ ಖರೆ ಇದ್ರ ಒಂಬತ್ತನೇ ಪಾನಾ ಹೆಂಗ ಖರೆ ಆಗತೈತಿ? ಮುರದ್ರ ಶಕ್ತಿ ಸಿಗೂದಾದ್ರ ಈ ನೀರು ಡಬ್ಬಿಯಾಗ ಯಾಕ ಸುಮ್ಮ ಕುಂತೈತಿ? ತಾನ ಒಡದು ಹೋಗಬೇಕಿತ್ತಲ್ಲ?"

ನಾನು ಎಷ್ಟೋ ವೇದಿಕೆ ಹತ್ತಿದ್ದೇನೆ. ಎದುರಾಳಿಯ ಎರಡನೇ ಪುಟವನ್ನೇ ಅವರ ಒಂಬತ್ತನೇ ಪುಟದ ಮೇಲೆ ಎತ್ತಿ ಹಾಕುವುದು ನನಗೆ ಹೊಳೆದಿರಲಿಲ್ಲ.

ಸರ್ ಸ್ಪೈರಲ್ ಪುಸ್ತಕ ತೆರೆದು ಎರಡನೇ ಪುಟ ಓದಿದರು. ಒಂಬತ್ತನೆಯದನ್ನು ಓದಿದರು. ಮತ್ತೆ ಎರಡನೆಯದಕ್ಕೆ ಬಂದರು. "ಹ್ಞೂಂ," ಅಂದರು.

"ಮತ್ತೇನು? ಪೋರಿಗೆ ಸೀಟ್ ಕೊಡ್ರಿ," ಅಂದರು ಬಾಯಿ.

ಇಲ್ಲಿಗೆ ಮುಗಿಯಬೇಕಿತ್ತು. ಸರ್ ಒಂದು ಹಾಳೆ ಎಳೆದುಕೊಂಡು ತಮ್ಮ ಮುತ್ತಿನಂಥ ಅಕ್ಷರದಲ್ಲಿ ನೋಟಿಸು ಬರೆದರು: "ವಿಶೇಷ ಪರಿಗಣನೆಯ ಮೇರೆಗೆ ಒಂದು ಹೆಚ್ಚುವರಿ ಸೀಟು ನೀಡಲಾಗಿದೆ." ಕೆಳಗೆ ಹುಡುಗಿಯ ಹೆಸರು. ಸೂಚಿಯ ಮಾತಿಲ್ಲ, ಒಂಬತ್ತನೇ ಪುಟದ ಮಾತಿಲ್ಲ. ಬಡಗಿ ಎರಡೂ ಕೈಯಲ್ಲಿ ಸರ್ ಕೈ ಹಿಡಿದುಕೊಂಡರು. "ಬಹುತ್ ಮೆಹರ್ಬಾನಿ ಸಾಬ್."

ಹುಡುಗಿ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ವಿಶೇಷ ಪರಿಗಣನೆ ಅಂದ್ರ ಏನ್ರಿ ಸರ್?"

"ಸೀಟ್ ಮಿಲ್ ಗಯಾ ನಾ ಬೇಟೀ. ಚುಪ್."

"ಚುಪ್ ಅಲ್ಲ ಅಬ್ಬಾ. ಇದನ್ನ ಓದಿದವರು ಏನಂತಾರ? ಈಕಿ ಅಂಕ ಬಂದಿಲ್ಲ, ಅತ್ತು ಕರದು ಸೀಟ್ ಇಸಕೊಂಡಾಳ ಅಂತಾರ. ನಾ ಅತ್ತಿಲ್ಲ. ನನ್ನ ಉತ್ತರ ಸರಿ ಐತಿ. ಹಂಗಂತ ಬರೀರಿ. ಇಲ್ಲಾಂದ್ರ ಆರ್ಟ್ಸ್ ಫಾರ್ಮ್ ಚೀಲದಾಗ ಐತಿ."

ಅಪ್ಪ ಅವಳ ತೋಳು ಹಿಡಿದರು. ಸರ್ ನನ್ನತ್ತ ನೋಡಿದರು. "ಮೇಡಂ, ನೀವ ತಿಳಿಸಿ ಹೇಳ್ರಿ. ಹಟಾ ಮಾಡಿ ಸೀಟ್ ಕಳಕೋತಾಳ."

ತಿಳಿಸಿ ಹೇಳಬಹುದಿತ್ತು. ಸೀಟು ಮುಖ್ಯ, ವಾಕ್ಯ ಅಲ್ಲ. ಮೊದಲು ಒಳಗೆ ಬಾ, ಜಗಳ ಆಮೇಲೆ. ಕೇಳಲು ಚೆನ್ನಾಗಿರುತ್ತದೆ, ಅರ್ಧ ನಿಜವೂ ಹೌದು. ಅವಳ ಸೀಟನ್ನು ಪಣಕ್ಕಿಟ್ಟು ತತ್ವ ಮಾತಾಡಲು ನಾನ್ಯಾರು? ಆದರೆ ಪಣಕ್ಕಿಡಲು ನನ್ನದೂ ಒಂದು ಇತ್ತಲ್ಲ. ಇಂಟು ಹಾಕಿದ ಕೈ ಯಾರದ್ದು ಅಂತ ಆ ಕೋಣೆಯಲ್ಲಿ ಇನ್ನೂ ಯಾರೂ ಬಾಯಿಬಿಟ್ಟಿರಲಿಲ್ಲ.

ಇನ್ನೊಂದು ಹಾಳೆ ತಗೊಂಡು ಬರೆದೆ: "ಪ್ರವೇಶ ಪರೀಕ್ಷೆಯ ಉತ್ತರ ಸೂಚಿಯಲ್ಲಿ ತಪ್ಪಿತ್ತು. ಬಂಧ ಮುರಿಯಲು ಶಕ್ತಿ ಬೇಕು. ಹಾಗೆ ಸರಿಯಾಗಿ ಬರೆದವರಿಗೆ ಸೊನ್ನೆ ಕೊಟ್ಟವಳು ನಾನು. ಎಲ್ಲ ಪೇಪರುಗಳನ್ನು ಮತ್ತೆ ನೋಡಲಾಗುವುದು." ಹೆಸರು ಬರೆದು ಸಹಿ ಮಾಡಿದೆ.

"ಗೋಡೆಗೆ ಇದು ಹೋಗಲಿ ಸರ್. ನಿಮ್ಮದು ಹೋಗುವುದಾದರೆ ನಾಳೆಯಿಂದ ಕೆಮಿಸ್ಟ್ರಿಗೆ ಬೇರೆಯವರನ್ನು ನೋಡಿಕೊಳ್ಳಿ. ಒಂಬತ್ತನೇ ಪುಟ ಹಿಡಿದು ನಾನು ಪಾಠ ಮಾಡಲ್ಲ."

"ಹೆದರಸ್ತೀರಿ?"

"ಇಲ್ಲ, ತಿಳಿಸ್ತಿದೀನಿ."

ಬಾಯಿ ಕನ್ನಡಕ ಹಾಕಿಕೊಂಡು ಎರಡೂ ಹಾಳೆ ಓದಿದರು. "ವಾರ್ಡಿನ್ಯಾಗ ತಪ್ಪು ಔಷಧಿ ಕೊಟ್ರ ಚಾರ್ಟಿನ್ಯಾಗ ಬರೀತಿದ್ವಿ," ಅಂದರು. "ಮುಚ್ಚಿಟ್ರ ಮುಂದಿನ ಪಾಳಿಯಾಕಿ ಮತ್ತ ಅದನ್ನ ಕೊಡತಾಳ." ಸರ್ ಬರೆದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡರು. "ಇಪ್ಪತ್ತನೇ ಪೋರನ್ನ ತೆಗೀಬ್ಯಾಡ್ರಿ. ನಾವ ಕಲಿಸಿದ್ದನ್ನ ಅಂವ ಬರದಾನ. ಈಕಿ ತನ್ನ ನಂಬರಿಗೆ ಬರಲಿ."

ತಪ್ಪು ಉತ್ತರಕ್ಕೆ ಅಂಕ ಉಳಿಸುವುದೇ ಅಂತ ನಾನು ವಾದಕ್ಕೆ ಎದ್ದೆ. ಬಾಯಿ ನೋಡಿದ ನೋಟಕ್ಕೆ ಕೂತೆ. ಅವರು ಹೇಳಿದ್ದೇ ಸರಿ.

ಮಧ್ಯಾಹ್ನ ಸರ್ ಮತ್ತು ನಾನು ಅರವತ್ತೊಂದು ಪೇಪರು ತೆರೆದು ಕೂತೆವು. ಸರಿ ಉತ್ತರ ಬರೆದವರು ನಾಲ್ವರು. ನಾಲ್ಕಕ್ಕೂ ನನ್ನ ಇಂಟು. ಇಬ್ಬರು ಎರಡು ಅಂಕ ಸೇರಿದರೂ ಪಟ್ಟಿಗೆ ಬರಲಿಲ್ಲ, ಒಬ್ಬ ಆಗಲೇ ಇದ್ದ, ಹುಡುಗಿ ಎಪ್ಪತ್ತೆರಡಾಗಿ ಹದಿನೆಂಟನೇ ಸ್ಥಾನಕ್ಕೆ ಏರಿದಳು. ಐವತ್ತು ದಾಟಿದ ಮೇಲೆ ಒಂದು ಪೇಪರಿನಲ್ಲಿ ಸರ್ ಕೈ ನಿಂತಿತು. ಅದರಲ್ಲಿ ಯಾರೋ "ಶಕ್ತಿ ಬೇಕು" ಅಂತ ಮೊದಲು ಬರೆದು, ಗೀಟು ಎಳೆದು ಹೊಡೆದು ಹಾಕಿ, ಕೆಳಗೆ ನೋಟ್ಸಿನ ಸಾಲನ್ನು ಅಕ್ಷರ ಬಿಡದೆ ಬರೆದಿದ್ದರು. ರೈಟು ಬಿದ್ದಿತ್ತು, ಎರಡಕ್ಕೆ ಎರಡು.

ಸರ್ ಆ ಹೊಡೆದು ಹಾಕಿದ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ನೋಟಿಸು ತರಿಸಿಕೊಂಡು ನನ್ನ ಸಹಿಯ ಪಕ್ಕ ಬರೆದರು: "ತಪ್ಪು ನೋಟ್ಸಿನ ಒಂಬತ್ತನೇ ಪುಟದ್ದು. ನೋಟ್ಸ್ ನನ್ನದು." ಸಹಿ ಮಾಡಿ, ಅಂಟು ಹಚ್ಚಿ, ತಾವೇ ಮೆಟ್ಟಿಲಿಳಿದು ಕೆಳಗಿನ ಬೋರ್ಡಿಗೆ ಅಂಟಿಸಿ ಬಂದರು. ನನಗೂ ಸೇರಿಸಿ ಎರಡು ಚಹಾ ಹೇಳಿದರು.

ಮೊದಲ ಪಾಠದ ದಿನ ಇಪ್ಪತ್ತೊಂದು ಮಕ್ಕಳು, ಹಿಂದಿನ ಬೆಂಚಿನ ತುದಿಯಲ್ಲಿ ಸರ್. ಕೈಯಲ್ಲಿ ಪೆನ್ನು, ತೊಡೆಯ ಮೇಲೆ ನೋಟ್ಸು. ನನ್ನ ತಪ್ಪು ಹಿಡಿಯಲು ಬಂದಿದ್ದಾರೆ ಅಂತ ಸ್ಪಷ್ಟವಿತ್ತು. ಬರಲಿ ಅಂದುಕೊಂಡೆ. ಪರಮಾಣುವಿನಿಂದ ಶುರು ಮಾಡಿದೆ. ಬೋರ್ಡಿನ ಮೇಲೆ ನಡುವೆ ನ್ಯೂಕ್ಲಿಯಸ್, ಸುತ್ತ ಎರಡು ದುಂಡು ಗೆರೆ, ಗೆರೆಯ ಮೇಲೆ ಚುಕ್ಕೆ ಚುಕ್ಕೆ ಎಲೆಕ್ಟ್ರಾನ್.

ಮೂರನೇ ಬೆಂಚಿನಿಂದ ಅದೇ ಹುಡುಗಿಯ ಕೈ ಎದ್ದಿತು.

"ಮೇಡಂ, ಎಲೆಕ್ಟ್ರಾನ್ ಹಿಂಗ ಗೆರಿ ಮ್ಯಾಲೆ ತಿರುಗೂದನ್ನ ಯಾರ ನೋಡ್ಯಾರ?"

ಯಾರೂ ನೋಡಿಲ್ಲ. ಅದು ಹಾಗೆ ತಿರುಗುವುದೂ ಇಲ್ಲ. ನನಗೆ ಕಲಿಸಿದವರು ಈ ಚಿತ್ರವನ್ನೇ ಬರೆದರು, ನಾನೂ ಕೈ ಓಡಿದ ಹಾಗೆ ಬರೆದಿದ್ದೆ. ಇಪ್ಪತ್ತು ತಲೆಗಳು ಅವಳ ಕಡೆ ತಿರುಗಿ ನನ್ನ ಕಡೆ ಬಂದವು.

"ಹೇಳ್ರಿ ಮೇಡಂ," ಅಂದರು ಸರ್, ಪೆನ್ನಿನ ಮುಚ್ಚಳ ತೆಗೆಯುತ್ತ.

ನಾನು ಡಸ್ಟರ್ ಎತ್ತಿಕೊಂಡೆ.